ಆಡಲು ಇಚ್ಛಿಸಿರುವುದಿಲ್ಲ

ನನ್ನ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮುಂದಿನಿಂದ ತೆರೆದರೆ ನಡೆದ ಪಂದ್ಯಗಳ ವಿವರ, ಹಿಂದಿನಿಂದ ತೆರೆದರೆ ನಡೆಯದೇ ಹೋದ ಪಂದ್ಯಗಳ ವಿವರ. ಎರಡೂ ಕಡೆ ಅಕ್ಷರ ಒಂದೇ, ಶಾಯಿ ಒಂದೇ, ನಿಮಿಷ ಸೆಕೆಂಡುಗಳನ್ನು ಬರೆದ ರೀತಿಯೂ ಒಂದೇ. ಗೊತ್ತಿಲ್ಲದವರು ಓದಿದರೆ ಯಾವುದು ನಡೆದದ್ದು, ಯಾವುದು ನಡೆಯದ್ದು ಎಂದು ಹೇಳಲಾರರು. ಹಿಂದಿನ ಪುಟಗಳನ್ನು ನಾನು ಹವ್ಯಾಸಕ್ಕೆ ಬರೆದದ್ದಲ್ಲ, ಸಿಟ್ಟಿಗೆ ಬರೆದದ್ದು. ಸಿಟ್ಟನ್ನು ಬಾಯಿಬಿಟ್ಟು ಆಡುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ನಾನು ಹುಡುಗಿಯರ ಖೋಖೋ ತಂಡದಲ್ಲಿ ಹನ್ನೆರಡನೆಯವಳು. ಅಂಗಳಕ್ಕೆ ಇಳಿಯುವವರು ಒಂಬತ್ತು ಜನ. ಹನ್ನೆರಡನೆಯವಳು ಇಳಿಯುವ ಪ್ರಸಂಗ ಬರುವುದಿಲ್ಲ. ಗೆರೆಯ ಹೊರಗೆ ಕುಳಿತು, ಯಾರು ಎಷ್ಟು ಹೊತ್ತು ಓಡಿದರು, ಯಾರ ಕೈಗೆ ಸಿಕ್ಕರು ಎಂದು ಬರೆಯುವುದು ನನ್ನ ಕೆಲಸ. ಪಂದ್ಯ ಶುರುವಾಗುವ ಮೊದಲು ನಮ್ಮ ಆಟದ ಸರ್ ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕೊಡುತ್ತಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ಅದರಲ್ಲಿ ನನಗೆ ತೃಪ್ತಿಯಿತ್ತು.

ತಂಡದ ಜೀವ ಹಲಗೇರಿಯ ಹುಡುಗಿ. ಒಕ್ಕಲುತನದ ಮನೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು, ನನ್ನ ಬೆಂಚಿನವಳು, ನನ್ನ ಗೆಳತಿ. ಅವಳ ಅಪ್ಪ ಜಾಲಿಯ ಎರಡು ಕಂಬ ಕೆತ್ತಿ ಹೊಲದ ಬದುವಿನ ಹತ್ತಿರ ನೆಟ್ಟುಕೊಟ್ಟಿದ್ದರು. ಸುಗ್ಗಿ ಮುಗಿದ ಹೊಲದಲ್ಲಿ, ಜೋಳದ ಕೂಳೆಗಳ ನಡುವೆ ಬರಿಗಾಲಲ್ಲಿ ಓಡಿ ಕಲಿತವಳು. ಆದ್ದರಿಂದಲೋ ಏನೋ, ಅವಳ ಕಾಲು ಎಲ್ಲಿ ಬೀಳುತ್ತದೆಂದು ಎದುರಿನವರಿಗೆ ಕೊನೆಯ ಕ್ಷಣದವರೆಗೂ ತಿಳಿಯುತ್ತಿರಲಿಲ್ಲ.

ಅವಳಿಗೆ ಶಾಲೆಯ ಆಟದ ಟೀಚರ್ ಆಗಬೇಕಿತ್ತು. ಬೇರೆ ಯಾವ ಆಸೆಯನ್ನೂ ಅವಳು ನನ್ನ ಮುಂದೆ ಹೇಳಿದ್ದು ನೆನಪಿಲ್ಲ. ಅದಕ್ಕೆ ದೈಹಿಕ ಶಿಕ್ಷಣದ ತರಬೇತಿಗೆ ಸೀಟು ಸಿಗಬೇಕು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರಿಗೆ ಆ ಸೀಟು ಹೆಚ್ಚು ಕಡಿಮೆ ಖಾತ್ರಿ. ಆ ತಂಡಕ್ಕೆ ಆರಿಸುವವರು ವಲಯ ಪಂದ್ಯಗಳಿಗೆ ಬಂದು ಕುಳಿತು ನೋಡಿ ಆರಿಸುತ್ತಾರೆ. ವಲಯ ಪಂದ್ಯದಲ್ಲಿ ಆಡದವಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ಎರಡು ವರ್ಷ ಅವಳು ಆರಿಸುವವರ ಪಟ್ಟಿಯ ಅಂಚಿಗೆ ಬಂದು ನಿಂತಿದ್ದಳು. "ಮುಂದಿನ ವರ್ಷ ಇವಳು ಬೇಕು" ಎಂದು ಅವರಲ್ಲೊಬ್ಬರು ಸರ್‌ಗೆ ಹೇಳಿದ್ದನ್ನು ನಾನೇ ಕೇಳಿದ್ದೆ. ಮುಂದಿನ ವರ್ಷ ಅಂದರೆ ನಮ್ಮ ಕೊನೆಯ ವರ್ಷ.

ಆಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ವಲಯ. ಮೂರೂ ಒಂದೇ ರೈಲು ಹಳಿಯ ಮೇಲಿನ ಊರುಗಳು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿದರೆ ಆಟ ಆಡಿ ಸಂಜೆ ಮನೆಗೆ ಬರಬಹುದು. ಪಂದ್ಯ ನಡೆಸುವ ಊರಿನ ಹುಡುಗಿಯರು ತಮ್ಮ ತಮ್ಮ ಮನೆಯಿಂದ ರೊಟ್ಟಿ ಕಟ್ಟಿ ತಂದು ಬಂದವರಿಗೆ ಹಂಚುವ ರೂಢಿಯಿತ್ತು. ಗೆದ್ದ ತಂಡ ಕೊನೆಗೆ ಉಣ್ಣಬೇಕು, ಸೋತವರು ಮೊದಲು. ಯಾರು ಮಾಡಿದ ನಿಯಮವೋ. ಸೋತವರಿಗೆ ಶೇಂಗಾ ಚಟ್ನಿಯಾದರೂ ಸರಿಯಾಗಿ ಸಿಗಲಿ ಎಂದಿರಬೇಕು.

ಬ್ಯಾಡಗಿಯಲ್ಲಿ ಆಡುವುದೊಂದು ಪರೀಕ್ಷೆ. ಹೊಸ ಮೆಣಸಿನಕಾಯಿ ಪೇಟೆಗೆ ಬರುವ ದಿನಗಳಲ್ಲಿ ಗಾಳಿಯಲ್ಲೇ ಘಾಟು. ನಾವು ಸೀನುತ್ತಾ ಕಣ್ಣೊರೆಸಿಕೊಳ್ಳುತ್ತಾ ಓಡುವಾಗ ಬ್ಯಾಡಗಿಯ ಹುಡುಗಿಯರು ಏನೂ ಆಗದವರಂತೆ ನಿಂತಿರುತ್ತಿದ್ದರು.

"ನಿಮಗ ಮೂಗು ಅನ್ನೂದು ಐತೋ ಇಲ್ಲೋ?" ಎಂದು ನನ್ನ ಗೆಳತಿ ಕೇಳಿದರೆ, ಅವರ ತಂಡದ ಎತ್ತರದ ಹುಡುಗಿ ನಗುತ್ತಿದ್ದಳು. "ಐತೆವಾ. ನಿಮ್ಮಂಗ ಬರೇ ಸೀನಾಕ ಇಟ್ಟಿಲ್ಲ."

ಆ ಎತ್ತರದವಳೇ ನಮಗೆ ದೊಡ್ಡ ಭಯ. ಅವಳ ಕೈ ಒಂದು ಗೇಣು ಉದ್ದ ಹೆಚ್ಚಿಗಿದೆ ಎಂದು ನಮ್ಮ ಗುಮಾನಿ.

ವಾಪಸು ಬರುವಾಗ ಗಾಡಿಯಲ್ಲಿ ಒಂದು ಆಟ. ಹಂಗಾಗಿದ್ರ ಎಂದು ಯಾರಾದರೂ ಶುರು ಮಾಡುವರು. ಆ ಖೋ ಅರ್ಧ ಸೆಕೆಂಡು ತಡವಾಗಿದ್ದರೆ? ಹಾವೇರಿಯವಳು ಜಾರದಿದ್ದರೆ? ಮುಂದಿನದು ನನ್ನ ಪಾಲು. ನೋಟ್‌ಬುಕ್ ನೋಡಿ, ಆಗ ಇಂಥವಳು ಸಿಗುತ್ತಿದ್ದಳು, ಇಷ್ಟು ನಿಮಿಷ ಉಳಿಯುತ್ತಿತ್ತು, ಒಂದು ಅಂಕದಿಂದ ಹೀಗಾಗುತ್ತಿತ್ತು ಎಂದು ಹೇಳಬೇಕು. ನಾನು ತಂಡದ ಪರ ವಾಲುತ್ತಿರಲಿಲ್ಲ. ಅದಕ್ಕೇ ನನ್ನ ಮಾತು ನಂಬುತ್ತಿದ್ದರು. ಅದಕ್ಕೇ ಬೈಯುತ್ತಲೂ ಇದ್ದರು.

ಕೊನೆಯ ವರ್ಷ ಕಾಲೇಜು ಶುರುವಾಗಿ ಸ್ವಲ್ಪ ದಿನಕ್ಕೆ ಸೂಚನಾ ಫಲಕದಲ್ಲಿ ವಿಶ್ವವಿದ್ಯಾಲಯದ ಸುತ್ತೋಲೆ ಬಿತ್ತು. ವಲಯಗಳ ಮರುವಿಂಗಡಣೆ. ಹಾವೇರಿ ಒಂದನೇ ವಲಯ. ಬ್ಯಾಡಗಿ ಎರಡನೇ ವಲಯ. ರಾಣೆಬೆನ್ನೂರು ನಾಲ್ಕನೇ ವಲಯ. ನಾಲ್ಕನೇ ವಲಯದ ಪಂದ್ಯಗಳು ಘಟ್ಟದ ಕೆಳಗೆ, ಸಮುದ್ರದ ಪಕ್ಕದ ಒಂದು ಊರಿನಲ್ಲಿ. ಹೋಗಲು ಒಂದು ದಿನ, ಬರಲು ಒಂದು ದಿನ, ನಡುವೆ ಎರಡು ರಾತ್ರಿ.

ನಾನು ಅದನ್ನು ಎರಡು ಸಲ ಓದಿದೆ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಇರುವ ಬ್ಯಾಡಗಿಯನ್ನು ಎರಡರಿಂದಲೂ ಕಿತ್ತು ಬೇರೆ ಕಡೆ ಇಡಲು ನಕಾಶೆ ನೋಡಿದ ಯಾರಿಗೂ ಸಾಧ್ಯವಿಲ್ಲ. ಸರ್ ಹತ್ತಿರ ಕೇಳಿದೆ.

"ನಕಾಶೆ ನೋಡಿ ಮಾಡಿದ್ದಲ್ಲವಾ ಅದು," ಎಂದರು ಸರ್. "ಕ್ರಿಕೆಟ್ ನೋಡಿ ಮಾಡಿದ್ದು."

ಹಿಂದಿನ ಎರಡು ವರ್ಷ ಗಂಡುಮಕ್ಕಳ ಕ್ರಿಕೆಟ್ಟಿನಲ್ಲಿ ನಮ್ಮ ವಲಯದ ಮೂರು ಕಾಲೇಜುಗಳೇ ಮೇಲುಗೈ. ಬ್ಯಾಡಗಿಯ ಒಬ್ಬ ವೇಗದ ಬೌಲರ್ ದೊಡ್ಡ ಊರಿನ ಕಾಲೇಜೊಂದನ್ನು ಊಟದ ಹೊತ್ತಿನೊಳಗೆ ಮನೆಗೆ ಕಳಿಸಿದ್ದನಂತೆ. ಬಲವಾದ ತಂಡಗಳೆಲ್ಲ ಒಂದೇ ಕಡೆ ಸೇರಿರುವುದು ಸರಿಯಲ್ಲ, ಎಲ್ಲ ವಲಯಗಳೂ ಸಮಬಲವಾಗಿರಬೇಕು ಎಂದು ಕ್ರೀಡಾ ಸಮಿತಿ ತೀರ್ಮಾನಿಸಿ, ಕಾಲೇಜುಗಳನ್ನು ಇಸ್ಪೀಟಿನ ಎಲೆ ಹಂಚಿದಂತೆ ಹಂಚಿತು.

"ಹಂಗಾರ ಹುಡುಗ್ಯಾರ ಆಟಕ್ಕ ಬ್ಯಾರೇ ವಲಯ ಐತೇನ್ರಿ ಸರ್?" ಎಂದು ಗೆಳತಿ ಕೇಳಿದಳು.

"ಇಲ್ಲವಾ. ಅದs ಪಟ್ಟಿ."

"ನಮ್ಮ ಬಗ್ಗೆ ಏನಾರ ಮಾತಾಡಿದ್ರೇನ್ರಿ?"

ಸರ್ ತಮ್ಮ ಕೈಗಡಿಯಾರಕ್ಕೆ ಕೀಲಿ ಕೊಡತೊಡಗಿದರು. ಮಾತಾಡಿದ್ದರೆ ಉತ್ತರ ಕೊಡುತ್ತಿದ್ದರು.

ಗಂಡುಮಕ್ಕಳಿಗೆ ಹಬ್ಬ. ಸಮುದ್ರ ನೋಡಬಹುದು, ಎರಡು ರಾತ್ರಿ ಮನೆಯಿಂದ ಹೊರಗೆ. ಕಾರಿಡಾರಿನಲ್ಲಿ ಒಬ್ಬ ಈಜುವ ಚಡ್ಡಿಯ ಬಗ್ಗೆ ಮಾತಾಡುತ್ತಿದ್ದ. ನಮ್ಮ ತಂಡದ ಹನ್ನೆರಡು ಮನೆಗಳಲ್ಲಿ ಅದೇ ಸಂಜೆ ಹನ್ನೆರಡು ಸಲ ಒಂದೇ ತೀರ್ಮಾನವಾಯಿತು. ರಾತ್ರಿ ತಂಗುವುದಾದರೆ ಜೊತೆಗೆ ಒಬ್ಬ ಮಹಿಳಾ ಉಪನ್ಯಾಸಕಿ ಇರಲೇಬೇಕೆಂಬ ನಿಯಮ ಕಾಲೇಜಿನಲ್ಲೂ ಇತ್ತು. ಇದ್ದ ಒಬ್ಬರೇ ಉಪನ್ಯಾಸಕಿ ಬಾಣಂತನದ ರಜೆಯಲ್ಲಿದ್ದರು.

ಹಲಗೇರಿಯಿಂದ ಗೆಳತಿಯ ಅಪ್ಪ ಸಂತೆಗೆ ಬಂದವರು ಕಾಲೇಜಿಗೂ ಬಂದು ಸರ್ ಎದುರು ನಿಂತರು. ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು.

"ಹೊತ್ತು ಮುಳುಗೂದ್ರೊಳಗ ಮನಿಗೆ ಬರೂದಾದ್ರ ಎಲ್ಲಿಗಾರ ಕರ್ಕೊಂಡು ಹೋಗ್ರಿ ಸಾಹೇಬ್ರ. ನಾ ಬ್ಯಾಡ ಅಂದೇನೇನ್ರಿ ಎಂದಾರ? ಕಂಬ ನೆಟ್ಟು ಕೊಟ್ಟಾಂವ ನಾ. ಆದ್ರ ಎರಡು ರಾತ್ರಿ ಅಂದ್ರ... ಊರಾಗ ನಾ ತಲಿ ಎತ್ತಿ ಅಡ್ಡಾಡಬೇಕಲ್ರಿ."

ನನ್ನ ತಂದೆ ಕೋರ್ಟಿನಲ್ಲಿ ಗುಮಾಸ್ತರು, ಪೇಟೆಯ ಮನೆ, ದಿನಪತ್ರಿಕೆ ಓದುವವರು. ಅವರು ಚಹಾ ಕುಡಿಯುತ್ತಾ, "ಯೋಚನೆ ಮಾಡಬೇಕಾದ ವಿಷಯ," ಎಂದರು. ಯೋಚನೆ ಮಾಡಲಿಲ್ಲ. ಹಲಗೇರಿಯ ಮಾತೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿತ್ತು, ಅಷ್ಟೇ. ನನಗೆ ಆ ಅಪ್ಪನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಇವರ ಮೇಲೆ ಬಂತು. ಅವರು ಕನಿಷ್ಠ ಪಟಗ ಬಿಚ್ಚಿ, ಎದುರು ನಿಂತು ಹೇಳಿದ್ದರು.

ಅವತ್ತಿನಿಂದ ನೋಟ್‌ಬುಕ್ಕನ್ನು ತಿರುವಿ ಹಿಂದಿನಿಂದ ಬರೆಯತೊಡಗಿದೆ.

'ಹೀಗಾಗಿದ್ದರೆ, ಒಂದು: ರೈಲು.' ಹಳಿಯ ಮೇಲಿನ ಊರುಗಳೆಲ್ಲ ಒಂದೇ ವಲಯ. ಕರ್ಜಗಿಯಲ್ಲಿ ಕಾಲೇಜಿಲ್ಲ, ಆದರೆ ಅಲ್ಲಿಂದ ಹಾವೇರಿಗೆ ಓದಲು ಬರುವ ಹುಡುಗಿಯರಿದ್ದಾರೆ, ಅವರಿಗೂ ಅದೇ ಗಾಡಿ. ಯಾವ ದಿನ ಯಾರ ಮೇಲೆ ಯಾರ ಪಂದ್ಯ, ಯಾವ ಗಾಡಿಗೆ ಹೋಗಿ ಯಾವ ಗಾಡಿಗೆ ವಾಪಸು, ಎಲ್ಲ ಬರೆದೆ.

'ಎರಡು: ಬಸ್ಸು.' ರೈಲಿಲ್ಲದ ಕಾಲೇಜುಗಳನ್ನೂ ಸೇರಿಸಿ, ಎರಡು ತಾಸಿಗಿಂತ ಹೆಚ್ಚು ದೂರವಿಲ್ಲದಂತೆ ಹಂಚಿದ್ದು. ಸಮಿತಿಯ ವಲಯಗಳಷ್ಟೇ ಸಮ ಸಂಖ್ಯೆ ಇದರಲ್ಲೂ ಬಂತು. ಒಂದು ರವಿವಾರದ ಮಧ್ಯಾಹ್ನ ಸಾಕಾಯಿತು. ಸಮಿತಿಯವರಿಗೆ ಅಷ್ಟು ಪುರುಸೊತ್ತು ಸಿಕ್ಕಿರಲಿಲ್ಲ.

ಮೂರನೆಯದು ಗೆಳತಿಯ ಸಲಹೆ: ನದಿ. ಯಾವ ಊರಿನ ಹಳ್ಳದ ನೀರು ವರದೆಗೋ ತುಂಗಭದ್ರೆಗೋ ಸೇರುತ್ತದೋ ಆ ಊರುಗಳೆಲ್ಲ ಒಂದು ವಲಯ, ಎರಡೂ ಹೊಳೆ ಕೂಡುವ ಗಳಗನಾಥದಲ್ಲಿ, ಗುಡಿಯ ಮುಂದಿನ ಬಯಲಿನಲ್ಲಿ ಫೈನಲ್.

"ಸೋತವ್ರನ್ನ ಅಲ್ಲೇ ಹೊಳ್ಯಾಗ ಮುಳುಗಿಸಿ ಎಬ್ಬಸೂದು," ಎಂದಳು. "ಪಾಪಾನೂ ಹೋಗ್ತೈತಿ, ಬೆವರೂ ಹೋಗ್ತೈತಿ."

ವಲಯ ಬರೆದ ಮೇಲೆ ಪಂದ್ಯಗಳನ್ನೂ ಬರೆದೆ. ಹಿಂದಿನ ಎರಡು ವರ್ಷದಲ್ಲಿ ಯಾರ ಓಟ ಎಷ್ಟು, ಯಾರ ಮುಟ್ಟುವಿಕೆ ಎಷ್ಟು ಎಂಬುದೆಲ್ಲ ನನ್ನ ಬಳಿ ಇತ್ತು. ಅದನ್ನಿಟ್ಟುಕೊಂಡು ಇಡೀ ಋತುವನ್ನು ಕಾಗದದ ಮೇಲೆ ಆಡಿಸಿದೆ. ಗೆಳತಿ ದಿನಾ ಬಂದು, "ನಿನ್ನೆ ಏನಾತು?" ಎಂದು ಕೇಳುವಳು. "ಹಾವೇರಿ ಮ್ಯಾಲ ಗೆದ್ವಿ. ನೀ ಐದೂವರೆ ನಿಮಿಷ ಓಡೀದಿ."

"ನಿನ್ನ ಬುಕ್ಕಿನ್ಯಾಗ ಓಡಿ ಓಡಿ ಕಾಲು ನೋಯಾಕತ್ತಾವ ನೋಡು. ಇವತ್ತ ಸೂಟಿ ಕೊಡು."

ಒಂದು ದಿನ ಮಾತ್ರ ಜಗಳವಾಯಿತು. ಫೈನಲ್ಲಿನಲ್ಲಿ ನಾನು ಅವಳನ್ನು ನಾಲ್ಕನೇ ನಿಮಿಷಕ್ಕೆ ಬ್ಯಾಡಗಿಯ ಎತ್ತರದವಳ ಕೈಗೆ ಕೊಟ್ಟಿದ್ದೆ.

"ಯಾಕ? ನಾ ಯಾಕ ಸಿಗಲಿ ಆಕಿ ಕೈಯಾಗ?"

"ಎರಡೂ ವರ್ಷ ಅದs ಆಗೇತಿ. ಒಮ್ಮೆ ಮೂರೂ ಮುಕ್ಕಾಲು, ಒಮ್ಮೆ ನಾಕೂ ಕಾಲು."

"ಬರಿಯಾಕಿ ನೀನು. ಅಲ್ಲೂ ನನ್ನ ಉಳಸಾಕ ಆಗ್ಲಿಲ್ಲೇನು ನಿನಗ?"

ನಾನು ತಿದ್ದಲಿಲ್ಲ. ಎರಡು ದಿನ ಅವಳು ಬೇರೆ ಬೆಂಚಿನಲ್ಲಿ ಕುಳಿತಳು.

ಸಮಿತಿಗೆ ಮನವಿ ಕೊಡೋಣ ಎಂದವರು ಸರ್. ಬರೆಯುವ ಕೆಲಸ ನನಗೆ ಬಂತು. ನೋಟ್‌ಬುಕ್ಕಿನಿಂದ ಮೊದಲ ಎರಡು ಹಂಚಿಕೆಗಳನ್ನು ತೆಗೆದು, ಗಾಡಿ ಬಸ್ಸುಗಳ ವೇಳೆ ಸಮೇತ ನಾಲ್ಕು ಪುಟ ಬರೆದೆ. ನದಿಯನ್ನು ಬಿಟ್ಟೆ. ಮೊದಲ ಪುಟದಲ್ಲಿ ಕಾರಣ ಹೇಳಬೇಕಿತ್ತು. 'ಹೊಸ ವಿಂಗಡಣೆಯಂತೆ ಎರಡು ರಾತ್ರಿ ತಂಗಬೇಕಾಗುವುದರಿಂದ ವಿದ್ಯಾರ್ಥಿನಿಯರನ್ನು ಕಳುಹಿಸಲು ಪಾಲಕರು ಒಪ್ಪುತ್ತಿಲ್ಲ' ಎಂದು ಬರೆದೆ.

ಸರ್ ಆ ಸಾಲಿನ ಮೇಲೆ ಬೆರಳಿಟ್ಟರು. "ಇದು ಬೇಕೇನವಾ? ಬರೇ ದೂರ ಆಗ್ತೈತಿ ಅಂದ್ರ ಸಾಲೂದಿಲ್ಲೇನು?"

"ಖರೇ ಐತಲ್ರಿ ಸರ್ ಅದು."

"ಖರೇ ಐತಿ," ಎಂದರು. ಬೆರಳು ತೆಗೆದರು.

ನಾನೂ ಗೆಳತಿಯೂ ಗಾಡಿ ಹತ್ತಿ ಬ್ಯಾಡಗಿಗೆ, ಹಾವೇರಿಗೆ ಹೋಗಿ ಅಲ್ಲಿಯ ತಂಡಗಳ ಸಹಿ ತಂದೆವು. ಅವರ ಹೊಸ ವಲಯಗಳೂ ದೂರ, ಅವರ ಮನೆಗಳಲ್ಲೂ ಅದೇ ಮಾತಾಗಿತ್ತು. ಬ್ಯಾಡಗಿಯ ಸ್ಟೇಷನ್ನಿನಲ್ಲಿ ಆ ವೇಗದ ಬೌಲರ್ ಸೋಡಾ ಕುಡಿಯುತ್ತಾ ನಿಂತಿದ್ದ. ಎತ್ತರದ ಹುಡುಗಿ ತೋರಿಸಿದಳು. ಗೆಳತಿ ನೇರ ಹೋಗಿ ಎದುರು ನಿಂತಳು. ನಾನು ಕಂಬದ ಮರೆಯಲ್ಲಿದ್ದೆ.

"ಅಣ್ಣಾರ, ನೀವು ಅಷ್ಟು ಜೋರು ಒಗಿಬಾರದಿತ್ತು ನೋಡ್ರಿ."

ಅವನು ಬಾಟಲಿ ಇಳಿಸಿದ. "ಏನ್ರಿ ಅಕ್ಕಾರ? ಯಾರಿಗೆ ಬಡೀತು?"

"ನಮಗ್ರಿ. ನಿಮ್ಮ ಬೌಲಿಂಗ್ ನೋಡಿ ಹೆದ್ರಿ ವಲಯ ಒಡದಾರ. ನಮ್ಮ ಖೋಖೋ ಹೋತು."

ಅವನಿಗೆ ವಿಷಯವೇ ಗೊತ್ತಿರಲಿಲ್ಲ. ಕೇಳಿ, ಪಾಪ, ನಾಚಿಕೊಂಡ. "ಮುಂದಿನ ವರ್ಷ ಸಾವಕಾಶ ಒಗೀತೇನ್ರಿ" ಎಂದ. ಗಾಡಿ ಹತ್ತಿದ ಮೇಲೆ ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅವನ ಕಾಲು ಹೋದ ವರ್ಷ ಉಳುಕಿದ್ದರೆ? ಅವನು ಹುಬ್ಬಳ್ಳಿಯಲ್ಲಿ ಹುಟ್ಟಿದ್ದರೆ? ಅವನ ಬದಲು ಅವನ ತಂಗಿ ಹುಟ್ಟಿ ಅವಳೂ ಹಾಗೇ ಒಗೆದಿದ್ದರೆ? ಈ ಕೊನೆಯದಕ್ಕೆ ನಗು ನಿಂತಿತು. ಅವಳು ಹಾಗೆ ಒಗೆದಿದ್ದರೆ ಯಾವ ವಲಯವೂ ಅಲುಗುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಉತ್ತರ ಬಂತು. ಸಮಿತಿಯ ನಡಾವಳಿಯ ಪ್ರತಿ. ನಮ್ಮ ಎರಡು ಹಂಚಿಕೆಗಳ ಬಗ್ಗೆ ಒಂದು ಅಕ್ಷರವಿಲ್ಲ. ಒಂದೇ ವಾಕ್ಯ: 'ಸದರಿ ಮೂರು ಕಾಲೇಜುಗಳ ಮಹಿಳಾ ತಂಡಗಳು ಈ ಸಾಲಿನಲ್ಲಿ ಆಡಲು ಇಚ್ಛಿಸಿರುವುದಿಲ್ಲವೆಂದು ಅವರ ಮನವಿಯಿಂದಲೇ ತಿಳಿದುಬರುವುದರಿಂದ ಅವುಗಳನ್ನು ಪಟ್ಟಿಯಿಂದ ಕೈಬಿಡಲಾಗಿದೆ.'

ಅವರ ಮನವಿಯಿಂದಲೇ. ನನ್ನ ಸಾಲಿನಿಂದಲೇ. ಪಾಲಕರು ಒಪ್ಪುತ್ತಿಲ್ಲ ಎಂದು ನಾನು ಬರೆದದ್ದನ್ನು ಅವರು ಹುಡುಗಿಯರಿಗೆ ಮನಸ್ಸಿಲ್ಲ ಎಂದು ಮಾಡಿಕೊಂಡರು. ಓದಲು ಬಾರದವರು ಮಾಡಿದ್ದರೆ ತಪ್ಪು ಎನ್ನಬಹುದಿತ್ತು. ಆ ಮೇಜಿನ ಸುತ್ತ ಕುಳಿತವರೆಲ್ಲ ನಮಗಿಂತ ಹೆಚ್ಚು ಓದಿದವರು. ಕೈಬಿಟ್ಟವರು ಅವರು, ಆದರೆ ಒಲ್ಲೆವೆಂದವರು ನಾವು ಎಂದು ದಾಖಲೆಯಾಯಿತು.

ಗೆಳತಿಗೆ ಹೇಳಲೇಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹಲಗೇರಿಯ ಬಸ್ಸಿಗೆ ಕಾಯುವಾಗ ಹೇಳಿದೆ. ಆ ಸಾಲು ನನ್ನದು, ಸರ್ ಬೇಡವೇನೋ ಎಂದಿದ್ದರು, ನಾನೇ ಬಿಡಲಿಲ್ಲ ಎಂದೆ. ಅವಳು ನಡಾವಳಿಯ ಪ್ರತಿಯನ್ನು ನಿಧಾನವಾಗಿ ಓದಿದಳು.

"ನೀ ಖರೇನ ಬರದೀದಿ," ಎಂದಳು. "ಅವ್ರು ಸುಳ್ಳು ಓದ್ಯಾರ." ಆಮೇಲೆ, "ಇಚ್ಛಾ ಇಲ್ಲಂತ. ಯಾರು ಬಂದು ಕೇಳಿದ್ರು ನನ್ನ?" ಬಸ್ಸು ಬಂತು. ಹತ್ತಿ ಹೋದಳು.

ಮುಂದಿನ ವಾರ ಅವಳೇ ಸರ್ ಕೋಣೆಗೆ ಹೋಗಿ, ನೋಟ್‌ಬುಕ್ಕಿನಲ್ಲಿರುವುದನ್ನು ನೆಲದ ಮೇಲೆ ಆಡೋಣ ಎಂದಳು. ವಲಯ ಪಂದ್ಯ ಎನ್ನುವುದು ಬೇಡ, ಏನೂ ಹೆಸರು ಬೇಡ. ಮೂರು ಊರು, ಒಂದು ರವಿವಾರ, ನಡುವಿನ ಊರು ಬ್ಯಾಡಗಿ. ಮೂರೂ ಕಾಲೇಜಿನ ಸರ್‌ಗಳು ಒಪ್ಪಿದರು. ನಮ್ಮ ಸರ್ ಆರಿಸುವವರಿಗೂ ಪತ್ರ ಬರೆದರು: ಪದ್ಧತಿಯಲ್ಲಿಲ್ಲ ನಿಜ, ಆದರೂ ಒಬ್ಬರು ಬಂದು ನೋಡಬೇಕು. ಆ ಪತ್ರದ ಮೇಲೆ ಅವಳ ಎಲ್ಲ ಆಸೆ ನಿಂತಿತ್ತು.

ಮೆಣಸಿನಕಾಯಿಯ ಕಾಲ. ಗಾಡಿ ಇಳಿಯುವ ಮೊದಲೇ ಸೀನು. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಮುಗಿದಿತ್ತು. ಎಳೆದವನು ಆ ಬೌಲರ್. ನಮ್ಮನ್ನು ಕಂಡು ತಲೆ ತಗ್ಗಿಸಿದ. ಗೆರೆಯ ಪಕ್ಕದಲ್ಲಿ ಕಾಲೇಜಿನಿಂದ ತಂದ ತೋಳಿನ ಕುರ್ಚಿಯೊಂದನ್ನು ಆರಿಸಲು ಬರುವವರಿಗೆಂದು ಇಟ್ಟಿದ್ದರು.

ಮೊದಲ ಪಂದ್ಯ ಮುಗಿಯಿತು. ಹಾವೇರಿಯ ಮೇಲೆ ನಾವು ಗೆದ್ದೆವು. ಕುರ್ಚಿ ಖಾಲಿ. ಮಧ್ಯಾಹ್ನದ ಗಾಡಿ ಬಂದು ಹೋಯಿತು. ಕುರ್ಚಿ ಖಾಲಿ. ಪೇಟೆಯಲ್ಲಿ ಚೀಲ ಹೊರುವ ಒಬ್ಬ ಮುದುಕ, ಹೆಗಲ ಮೇಲಿನ ವಸ್ತ್ರ ಕೆಂಪಾಗಿತ್ತು, ನೆರಳು ಹುಡುಕುತ್ತಾ ಬಂದವನು ಅದರಲ್ಲಿ ಕುಳಿತುಕೊಂಡ. ಬೌಲರ್ ಎಬ್ಬಿಸಲು ಹೋದ. ನಮ್ಮ ಸರ್, "ಇರ್ಲಿ ಬಿಡು, ಕುಂದ್ರಲಿ," ಎಂದರು.

ಬ್ಯಾಡಗಿಯ ಮೇಲಿನ ಪಂದ್ಯದಲ್ಲಿ ಅವಳು ಮೊದಲ ಮೂವರಲ್ಲಿ ಓಡಲು ಇಳಿದಳು. ಒಂದು ಸರದಿ ಏಳು ನಿಮಿಷ. ಗಡಿಯಾರ ನನ್ನ ತೊಡೆಯ ಮೇಲೆ. ಉಳಿದಿಬ್ಬರು ಎರಡು ನಿಮಿಷದೊಳಗೆ ಹೋದರು. ಇವಳೂ ಸಿಕ್ಕರೆ ಮಾತ್ರ ಮುಂದಿನ ಮೂವರು ಇಳಿಯುವುದು. ಇವಳು ಇದ್ದಾಳೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕುಳಿತವರ ಸಾಲಿನ ನಡುವೆ ನೂಲು ಪೋಣಿಸಿದಂತೆ ಹೋಗುತ್ತಿದ್ದಾಳೆ. ನಾಲ್ಕನೇ ನಿಮಿಷಕ್ಕೆ ಎತ್ತರದವಳು ಎದ್ದಳು. ನಾನು ಕಾಗದದ ಮೇಲೆ ಬರೆದ ಹಾಗೆಯೇ, ಕಂಬದ ಹತ್ತಿರವೇ, ಪೂರ್ತಿ ಮೈ ಚಾಚಿ ಬಿದ್ದಳು. ಕೈ ನೆಲ ಮುಟ್ಟಿತು. ಇವಳು ಆಗಲೇ ಕಂಬದ ಆಚೆಗಿದ್ದಳು.

ಏಳನೇ ನಿಮಿಷದ ಸೀಟಿ ಊದಿದಾಗ ಅವಳು ಇನ್ನೂ ನಿಂತಿದ್ದಳು. ಮುದುಕ ಎದ್ದು ನಿಂತು ಚಪ್ಪಾಳೆ ಹೊಡೆದ. ಬಿದ್ದಿದ್ದ ಎತ್ತರದವಳು ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತಾ, "ಇಷ್ಟು ಸೀನೀದಿ, ಮತ್ತ ಹೆಂಗ ಓಡೀದಿ?" ಎಂದು ಕೇಳಿದಳು.

"ಸೀನು ಬಂದಾಗ ಮುಂದಕ್ಕ ಜಿಗೀತೇನಿ ನೋಡು."

ಗೆದ್ದವರಾದ್ದರಿಂದ ಕೊನೆಗೆ ಉಂಡೆವು. ನೋಟ್‌ಬುಕ್ ತೆಗೆದು ಮುಂದಿನ ಭಾಗದಲ್ಲಿ 'ಏಳು ನಿಮಿಷ, ಔಟಿಲ್ಲ' ಎಂದು ಬರೆದೆ. ಅವಳು ರೊಟ್ಟಿ ಹಿಡಿದ ಕೈಯಲ್ಲೇ ಪುಸ್ತಕ ತಿರುವಿ ಹಿಂದಿನ ಭಾಗ ತೋರಿಸಿದಳು.

"ಕಾಟು ಹೊಡಿ."

ನಾಲ್ಕು ನಿಮಿಷದ ಮೇಲೆ ಗೆರೆ ಎಳೆದೆ. ಇಡೀ ನೋಟ್‌ಬುಕ್ಕಿನಲ್ಲಿ ನಾನು ಕಾಟು ಹೊಡೆದ ಜಾಗ ಅದೊಂದೇ. ಚಟ್ನಿಯ ಎಣ್ಣೆಯ ಕಲೆಯೂ ಅಲ್ಲಿದೆ.

ಮೂವರು ಸರ್‌ಗಳು ಅಂದಿನ ಹಾಳೆಯ ಪ್ರತಿಗೆ ಸಹಿ ಮಾಡಿದರು. ಬಿ.ಎ. ಮುಗಿದ ಮೇಲೆ ಅವಳು ಅದನ್ನು ಹಿಡಿದು ತರಬೇತಿಯ ಸಂದರ್ಶನಕ್ಕೆ ಅಪ್ಪನ ಜೊತೆ ಹೋದಳು. ಓಡಿಸಿ ನೋಡಿದರಂತೆ, ಚೆನ್ನಾಗಿದೆ ಎಂದರಂತೆ. ಆಮೇಲೆ ಕೊನೆಯ ವರ್ಷದ ವಲಯದ ಪ್ರಮಾಣಪತ್ರ ಕೇಳಿದರು. ಇವಳು ಈ ಹಾಳೆ ಕೊಟ್ಟಳು. ಅವರ ಬಳಿ ಇದ್ದ ಕಡತದಲ್ಲಿ ಆ ವರ್ಷದ ನಡಾವಳಿ ಇತ್ತು. ಅದನ್ನು ಓದಿದವರು ಕನ್ನಡಕದ ಮೇಲಿನಿಂದ ನೋಡಿ, "ಆಡಲಿಕ್ಕೇ ಇಚ್ಛೆ ಇಲ್ಲ ಅಂತ ಬರೆದುಕೊಟ್ಟವರಿಗೆ ಈ ಕೋರ್ಸ್ ಯಾಕಮ್ಮ?" ಎಂದರು.

ಅವಳು ಹಾಳೆ ವಾಪಸು ತೆಗೆದುಕೊಂಡು ಎದ್ದು ಬಂದಳು. ಹೊರಗೆ ಕಾಯುತ್ತಿದ್ದ ಅಪ್ಪನಿಗೆ ಹೇಳಲಿಲ್ಲ, ನನಗೆ ಹೇಳಿದಳು. ಹೇಳುವಾಗ ಅಳಲಿಲ್ಲ. ನನ್ನಲ್ಲಿ ಇನ್ನೂ ಉಳಿದಿರುವ ಸಿಟ್ಟು ಅವತ್ತಿನದು. ಅದು ಈ ಹತ್ತು ವರ್ಷದಲ್ಲಿ ಕಡಿಮೆಯಾಗಿಲ್ಲ. ಕಡಿಮೆಯಾಗಬೇಕೆಂದು ನಾನು ಬಯಸಿಯೂ ಇಲ್ಲ.

ಹಾವೇರಿ ಬೇರೆ ಜಿಲ್ಲೆಯಾಯಿತು. ಆ ಹೊತ್ತಿಗೆ ನಾನು ಎಂ.ಎ. ಮುಗಿಸಿ ಹಾವೇರಿಯಲ್ಲಿ ಉಪನ್ಯಾಸಕಿಯಾಗಿದ್ದೆ. ಜಿಲ್ಲೆಯಾದ ಬೆನ್ನಿಗೆ ನಮ್ಮ ಫಲಕದಲ್ಲೂ ಒಂದು ಸುತ್ತೋಲೆ ಬಿತ್ತು. ವಲಯಗಳ ಮರುವಿಂಗಡಣೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ವಲಯ. ಕಾರಣ: 'ವಿದ್ಯಾರ್ಥಿನಿಯರು ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಲು ಅನುಕೂಲವಾಗುವಂತೆ.' ನನ್ನ ಮನವಿಯ ಎರಡನೇ ಪುಟದ ಮಾತು, ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ. ಕಾಪಿ ಹೊಡೆದರೆಂದು ನಾನು ಹೇಳುವುದಿಲ್ಲ. ಯಾರು ಯೋಚಿಸಿದರೂ ಹೊಳೆಯುವಷ್ಟು ಸುಲಭದ ಮಾತು ಅದು. ಅಷ್ಟು ಸುಲಭದ್ದು ಹೊಳೆಯಲು ಒಂದು ಜಿಲ್ಲೆಯೇ ಹುಟ್ಟಬೇಕಾಯಿತು.

ಸುತ್ತೋಲೆಯ ನಕಲು ಹಿಡಿದು ಕರ್ಜಗಿಗೆ ಹೋದೆ. ಗೆಳತಿ ಮದುವೆಯಾಗಿ ಅಲ್ಲಿದ್ದಾಳೆ. ಗಂಡನ ಮನೆಯವರದ್ದೂ ಒಕ್ಕಲುತನ. ಊರಿನ ಶಾಲೆಯ ಹೆಡ್‌ಮಾಸ್ತರರು ಪ್ರತಿವರ್ಷ ತಾಲೂಕು ಪಂದ್ಯಕ್ಕೆ ಹತ್ತು ದಿನ ಮುಂಚೆ ಅವಳ ಮನೆಗೆ ಬಂದು, "ಬರ್ರಿ ಅಕ್ಕಾರ, ಹುಡುಗ್ಯಾರಿಗೆ ನಾಕು ಮಾತು ಹೇಳಿಕೊಡ್ರಿ" ಎಂದು ಕರೆಯುತ್ತಾರೆ. ಸೆರಗು ಸಿಕ್ಕಿಸಿಕೊಂಡು ಹೋಗಿ ಓಡಿಸಿ ಬರುತ್ತಾಳೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆಟದ ಶಿಕ್ಷಕರೆಂದು ಇರುವುದು ಮತ್ತೊಬ್ಬರು. ಹುಡುಗಿಯರು ಗೆದ್ದರೆ ಫೋಟೊದಲ್ಲಿ ನಿಲ್ಲುವವರೂ ಅವರೇ.

ಸುತ್ತೋಲೆ ಓದಿ ನಕ್ಕಳು. "ನಿನ್ನ ಬುಕ್ಕನs ಐತಲ್ಲವಾ ಇದು. ರೈಲಿಂದೋ ಬಸ್ಸಿಂದೋ?"

"ರೈಲಿಂದು."

"ನದೀದು ಮಾಡಿದ್ರ ಚಲೋ ಇರ್ತಿತ್ತು." ಚಹಾ ತಂದಿಟ್ಟಳು. "ಆತು ಬಿಡು. ಈಗಿನ ಹುಡುಗ್ಯಾರಿಗಾದ್ರೂ ಆತಲ್ಲ."

ನಾನು ಬಿಡಲಿಲ್ಲ. ವಲಯ ಸರಿಯಾಯಿತು, ಒಳ್ಳೆಯದು. ಆದರೆ ಆ ವರ್ಷದ ನಡಾವಳಿಯಲ್ಲಿ ಆ ವಾಕ್ಯ ಹಾಗೇ ಇದೆ. ಹೊಸ ಸುತ್ತೋಲೆ ಹಳೆಯದರ ತಪ್ಪನ್ನು ಎಲ್ಲೂ ಒಪ್ಪಿಕೊಂಡಿಲ್ಲ. ಮುಂದೆ ಯಾರಾದರೂ ಕಡತ ತೆಗೆದರೆ, ಈ ಮೂರು ಊರುಗಳ ಹುಡುಗಿಯರಿಗೆ ಒಂದು ವರ್ಷ ಆಡಲು ಇಚ್ಛೆಯಿರಲಿಲ್ಲ ಎಂದೇ ಓದುತ್ತಾರೆ. ನನಗೆ ಆಗಬೇಕಾದದ್ದು ಅದೊಂದೇ ವಾಕ್ಯದ ತಿದ್ದುಪಡಿ. ಚೀಲದಿಂದ ಕಾಗದ ತೆಗೆದು ಅವಳೆದುರೇ ಬರೆಯತೊಡಗಿದೆ: ಆ ಸಾಲಿನಲ್ಲಿ ನಾವು ಆಡಲು ಇಚ್ಛಿಸಿದ್ದೆವು, ಇಚ್ಛೆ ಏನೆಂದು ನಮ್ಮನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಸದರಿ ವಾಕ್ಯವನ್ನು ದಾಖಲೆಯಿಂದ ತೆಗೆದು ಹಾಕಬೇಕು.

"ಅವ್ರು ಮಾಡ್ತಾರೇನು?" ಎಂದು ಕೇಳಿದಳು.

"ಮಾಡೂದಿಲ್ಲ."

"ಮತ್ತ?"

"ಮತ್ತೊಮ್ಮೆ ಬರೀತೇನಿ."

ಕೆಳಗೆ ಸಹಿಗೆ ಜಾಗ ಬಿಟ್ಟು ಪೆನ್ನು ಕೊಟ್ಟೆ. ಅವಳು ಒದ್ದೆ ಕೈ ಸೀರೆಗೆ ಒರೆಸಿಕೊಂಡು ಪೆನ್ನು ಹಿಡಿದಳು. ಸಹಿ ಮಾಡುವ ಮೊದಲು ಇಡೀ ಕಾಗದವನ್ನು ಇನ್ನೊಮ್ಮೆ ಓದಿದಳು.

"ಎಷ್ಟು ನಿಮಿಷ ಅಂತನೂ ಬರಿ," ಎಂದಳು.

ಬರೆದೆ. ಏಳು ನಿಮಿಷ, ಔಟಿಲ್ಲ.